ಹಾಜರಿ ಹೊತ್ತಿನ ಗುಳಿಗೆ

"ದೇವೇಂದ್ರ!"

ಉತ್ತರವಿಲ್ಲ.

"ದೇವೇಂದ್ರ!" ರೈಟರ್ ತಮ್ಮಯ್ಯನವರು ಹಾಜರಿ ಪುಸ್ತಕದಿಂದ ತಲೆ ಎತ್ತಿದರು. ಕರೆಸಿಕೊಂಡವನು ಅವರ ಎದುರಿಗೇ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಕೈ ಎತ್ತಿದ್ದ. ಬಾಯಿ ಮಾತ್ರ ಮುಚ್ಚಿತ್ತು.

ಬಾಳೂರಿನ ಮೇಲಿರುವ ಹೊಸಗದ್ದೆ ಎಸ್ಟೇಟಿನಲ್ಲಿ ಕೈ ಎತ್ತಿದರೆ ಹಾಜರಿಯಾಗುವುದಿಲ್ಲ. ಬೆಳಿಗ್ಗೆ ಏಳೂವರೆಗೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಲವತ್ತಮೂರು ಆಳುಗಳು ಸಾಲಾಗಿ ನಿಲ್ಲಬೇಕು. ಹೆಸರು ಕೂಗಿದೊಡನೆ ಬಾಯಿ ಬಿಟ್ಟು "ಇದೀನಿ" ಎನ್ನಬೇಕು. ಹಿಂದೆ ಯಾವನೋ ಒಬ್ಬ ದಟ್ಟ ಮಂಜಿನಲ್ಲಿ ಇನ್ನೊಬ್ಬನ ಹೆಸರಿಗೆ ಕೈ ಎತ್ತಿ ಸಿಕ್ಕಿಬಿದ್ದಿದ್ದನಂತೆ. ಅಂದಿನಿಂದ ಆ ಕಣದಲ್ಲಿ ದನಿಯೇ ಸಾಕ್ಷಿ. ಕಣ್ಣೆದುರು ನಿಂತಿದ್ದರೂ ದನಿ ಬಾರದವನು ಬಂದಿಲ್ಲವೆಂದೇ ಅರ್ಥ.

"ಏನೋ, ನಾಲಿಗೆ ಮನೇಲಿ ಬಿಟ್ಟು ಬಂದ್ಯಾ?" ಎಂದರು ತಮ್ಮಯ್ಯ.

"ಹೆಣ್ಣು ನೋಡಕ್ಕೆ ಹೋಗಿದ್ನೇನೋ. ಮಾತಾಡಿದ್ರೆ ಬಂಡವಾಳ ಗೊತ್ತಾಗುತ್ತೆ ಅಂತ ಬಾಯಿ ಹೊಲಿದು ಕಳ್ಸಿದಾರೆ," ಎಂದಳು ಸಾಲಿನಲ್ಲಿದ್ದ ಸರೋಜಮ್ಮ. ಹೆಂಗಸರು ನಕ್ಕರು. ದೇವೇಂದ್ರನೂ ನಗಲು ನೋಡಿದ. ತುಟಿ ತೆರೆಯದೆ ನಗುವುದು ಅಷ್ಟು ಸುಲಭವಲ್ಲ. ಆ ವಕ್ರ ನಗೆಯೇ ತಮ್ಮಯ್ಯನವರ ಸಂಶಯವನ್ನು ಕೆರಳಿಸಿತು. ಅವರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರ ಬಂದರು.

"ಆ ಅನ್ನು."

ಅವನು ತಲೆಯಾಡಿಸಿದ. ಐದು ಬೆರಳು ಬಿಡಿಸಿ ಇನ್ನು ಐದೇ ನಿಮಿಷ ಎಂದು ಸನ್ನೆ ಮಾಡಿದ.

"ಆ ಅನ್ನೋ ಅಂದ್ರೆ!"

ಬಾಯಿ ತೆರೆಯಿತು. ನಾಲಿಗೆ ಎತ್ತಿಸಿದರು. ಅದರ ಅಡಿಯಲ್ಲಿ ಅರ್ಧ ಕರಗಿದ ಬಿಳಿಯ ಚೂರೊಂದು ಎಂಜಲಿನಲ್ಲಿ ಹೊಳೆಯುತ್ತಿತ್ತು.

"ಗುಳಿಗೆ!" ತಮ್ಮಯ್ಯನವರ ದನಿ ಕಣದ ಆ ತುದಿಯವರೆಗೂ ಕೇಳಿತು. "ಚೌಡಿ ಮುಂದೆ ಆಣೆ ಇಟ್ಟವ್ನು, ಹಾಜರಿ ಹೊತ್ತಿಗೇ ಗುಳಿಗೆ ಬಾಯಲ್ಲಿಟ್ಕೊಂಡು ಬಂದಿದಾನೆ ನೋಡ್ರೋ! ಉಗಿ. ಉಗಿಯೋ ಮೊದ್ಲು!"

ಉಗಿದ. ಆ ಚೂರು ಗುಡಿಸಿಟ್ಟ ಕಣದ ಮೇಲೆ ಬಿತ್ತು. ಎಪ್ಪತ್ತೊಂದು ದಿನಗಳಿಂದ ಒಬ್ಬ ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿದ್ದ ಔಷಧವನ್ನು ನಲವತ್ತೆರಡು ಜನ ಹೇಸಿಗೆಯಂತೆ ನೋಡಿದರು.

ಆಳುಗಳು ವಾಸಿಸುವ ಲೈನ್ ಮನೆಗಳಲ್ಲಿ ಎಲ್ಲ ಮಾತ್ರೆಗೂ ಒಂದೇ ಹೆಸರು: ಗುಳಿಗೆ. ಜ್ವರಕ್ಕೂ ಗುಳಿಗೆ, ಅಮಲಿಗೂ ಗುಳಿಗೆ, ಅಮಲು ಬಿಡಿಸುವುದಕ್ಕೂ ಗುಳಿಗೆ. ಮೂರಕ್ಕೂ ಮೂರು ಹೆಸರಿದ್ದಿದ್ದರೆ ಈ ಅನ್ಯಾಯದ ಅರ್ಧ ಭಾಗ ನಡೆಯುತ್ತಲೇ ಇರಲಿಲ್ಲ. ಉಳಿದ ಅರ್ಧಕ್ಕೆ ಹೆಸರಿನ ಕೊರತೆ ಕಾರಣವಲ್ಲ. ವಿಚಾರಿಸುವ ಮನಸ್ಸಿನ ಕೊರತೆ ಕಾರಣ.

ದೇವೇಂದ್ರನಿಗೆ ಇಪ್ಪತ್ತೊಂಬತ್ತು ವರ್ಷ. ಮರಗಸಿಯಲ್ಲಿ, ಅಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ತರಿಯುವ ಕೆಲಸದಲ್ಲಿ, ಅವನಷ್ಟು ಎತ್ತರಕ್ಕೆ ಹತ್ತುವವರು ಸುತ್ತಿನ ಎಸ್ಟೇಟುಗಳಲ್ಲಿ ಇರಲಿಲ್ಲ. ಮೂರು ವರ್ಷದ ಹಿಂದೆ ಸಿಲ್ವರ್ ಓಕ್ ಮರದಿಂದ ಬಿದ್ದು ಸೊಂಟದ ಮೂಳೆಗೆ ಪೆಟ್ಟಾಯಿತು. ನೋವಿಗೆಂದು ಆಸ್ಪತ್ರೆಯಲ್ಲಿ ನೀಲಿ ಬಣ್ಣದ ಕ್ಯಾಪ್ಸೂಲ್ ಬರೆದುಕೊಟ್ಟರು, ಹತ್ತು ದಿನಕ್ಕೆ. ಹತ್ತು ದಿನ ಮುಗಿದರೂ ನೋವು ಮುಗಿಯಲಿಲ್ಲ. ಆಮೇಲೆ ನೋವು ಮುಗಿದರೂ ಕ್ಯಾಪ್ಸೂಲ್ ಮುಗಿಯಲಿಲ್ಲ. ಜೀಪ್ ಓಡಿಸುವ ಕಲ್ಲೇಶ್ ಚೀಟಿಯಿಲ್ಲದೆ ಎಲ್ಲಿಂದಲೋ ತಂದುಕೊಡುತ್ತಿದ್ದ. ಅದು ಅಫೀಮಿನ ಜಾತಿಗೆ ಸೇರಿದ ಔಷಧವೆಂದಾಗಲಿ, ಒಮ್ಮೆ ರಕ್ತಕ್ಕೆ ಒಗ್ಗಿದರೆ ಬಿಟ್ಟ ದಿನ ಮೈಯೇ ಮೈಯನ್ನು ಕಚ್ಚುತ್ತದೆಂದಾಗಲಿ ಅವನಿಗೆ ಯಾರೂ ಹೇಳಿರಲಿಲ್ಲ. ದಿನಕ್ಕೆ ಎರಡಿದ್ದದ್ದು ಹನ್ನೆರಡಾಯಿತು.

ಗಮನಿಸಬೇಕಾದದ್ದು ಇದು: ಹೀಗೆ ನುಂಗಿದ ಎರಡು ವರ್ಷಗಳಲ್ಲಿ ಅವನು ಹಾಜರಿಗೆ ಒಂದು ದಿನವೂ ತಪ್ಪಿರಲಿಲ್ಲ. ಬೆಳಿಗ್ಗೆಯೇ ನಾಲ್ಕು ಕ್ಯಾಪ್ಸೂಲ್ ನುಂಗಿ ಬಂದು ನಿಲ್ಲುತ್ತಿದ್ದ. ನುಂಗಿದ್ದು ಹೊಟ್ಟೆಯಲ್ಲಿರುತ್ತದೆ, ಬಾಯಿ ಖಾಲಿಯಿರುತ್ತದೆ. ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ "ಇದೀನಿ" ಎಂದವನು ಅವನೇ. ಇಲ್ಲದವನು ಇದ್ದೇನೆಂದು ಕೂಗಿದ. ಪುಸ್ತಕ ಅದನ್ನು ಒಪ್ಪಿಕೊಂಡಿತು.

ಕಳೆದ ಜೂನ್ ತಿಂಗಳಲ್ಲಿ ಸಂಗತಿ ಬಯಲಾಯಿತು. ಎಸ್ಟೇಟಿನ ಯಜಮಾನ ಮಲ್ಲಿಕಾರ್ಜುನ ಅವರು ಕೆಟ್ಟವರಲ್ಲ, ಕೆಲಸದಿಂದ ತೆಗೆಯಲಿಲ್ಲ. ತೋಟದ ಅಂಚಿನ ಚೌಡಿ ಬನಕ್ಕೆ ಎಲ್ಲರನ್ನೂ ಕರೆಸಿ, ಚೌಡಿಯ ಕಲ್ಲಿನ ಮುಂದೆ ದೇವೇಂದ್ರನನ್ನು ನಿಲ್ಲಿಸಿ, ತಾವೇ ಒಂದೊಂದು ಮಾತಾಗಿ ಹೇಳಿಕೊಟ್ಟು ಆಣೆ ಮಾಡಿಸಿದರು: "ಇನ್ನು ಮೇಲೆ ನಾಲಿಗೆ ಮೇಲೆ ಗುಳಿಗೆ ಇಡಲ್ಲ." ತಮ್ಮಯ್ಯನವರು ಅದನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ತೆಂಗಿನಕಾಯಿ ಒಡೆಯಿತು. ಎಲ್ಲರೂ ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದ ಮನೆಗೆ ಹೋದರು. ಒಂದು ಕಾಯಿಲೆಯನ್ನು ಒಂದು ವಾಕ್ಯದಿಂದ ಮುಗಿಸಿಬಿಡಬಹುದೆಂಬ ನಂಬಿಕೆ ಎಷ್ಟು ಸುಖಕರ!

ಅಕ್ಟೋಬರಿನಲ್ಲಿ ತಾಯಿ ರಾಮಮ್ಮ ಮಗನನ್ನು ಚಿಕ್ಕಮಗಳೂರಿಗೆ, ಡಾಕ್ಟರ್ ಕುಸುಮಾ ಅವರಲ್ಲಿಗೆ ಕರೆದುಕೊಂಡು ಹೋದದ್ದು ಯಾರಿಗೂ ತಿಳಿಯದು. ಅಲ್ಲಿ ಅವನಿಗೆ ಈ ಬಿಳಿಯ ಮಾತ್ರೆ ಸಿಕ್ಕಿತು. ದಿನಕ್ಕೊಂದು ಹೊತ್ತು. ನುಂಗುವಂತಿಲ್ಲ, ಬಾಯಿ ತೊಳೆದು ನಾಲಿಗೆಯ ಅಡಿಯಲ್ಲಿಟ್ಟು, ಪೂರ್ತಿ ಕರಗುವವರೆಗೆ, ಸುಮಾರು ಹತ್ತು ನಿಮಿಷ, ಮಾತಾಡದೆ ಇರಬೇಕು. ನುಂಗಿದರೆ ವ್ಯರ್ಥ.

"ಇದೂ ಅದೇ ಜಾತೀದಂತಲ್ಲಮ್ಮ?" ಎಂದು ರಾಮಮ್ಮ ಅಂಜುತ್ತಲೇ ಕೇಳಿದ್ದಳು.

"ಹೌದು," ಎಂದಿದ್ದರು ಡಾಕ್ಟರ್, ಮುಚ್ಚಿಡದೆ. "ಕಳಸದ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತೀರಲ್ಲ, ಹಾಗೆ. ಆ ಕ್ಯಾಪ್ಸೂಲ್ ಬಂದು ಕೂರ್ತಿದ್ದ ಜಾಗದಲ್ಲಿ ಈ ಮಾತ್ರೆ ಟವೆಲ್ ಹಾಕಿಡುತ್ತೆ. ಹಳಬ ಬಂದ್ರೂ ಸೀಟಿಲ್ಲ ಅಂತ ವಾಪಸ್ ಹೋಗ್ತಾನೆ. ನಿಮ್ಮ ಮಗ ಅಷ್ಟರಲ್ಲಿ ಊಟ ಮಾಡ್ತಾನೆ, ನಿದ್ದೆ ಮಾಡ್ತಾನೆ, ಕೆಲಸಕ್ಕೆ ಹೋಗ್ತಾನೆ. ವರ್ಷ ಬೇಕಾಗಬಹುದು, ಹೆಚ್ಚೂ ಆಗಬಹುದು. ನಡುವೆ ಯಾರೋ ಹೇಳಿದ್ರು ಅಂತ ಟವೆಲ್ ಎಳೀಬೇಡಿ."

ಮಾತ್ರೆಗಳಿದ್ದ ತಗಡಿನ ಪಟ್ಟಿ ತಾಯಿಯ ಬಳಿಯೇ ಇರಬೇಕೆಂಬುದೂ ಡಾಕ್ಟರರ ಕಟ್ಟಳೆ. ರಾಮಮ್ಮ ಬಂಗಲೆಯಲ್ಲಿ ಅಡುಗೆಗೆ ಸಹಾಯ ಮಾಡುವವಳು; ಬೆಳಿಗ್ಗೆ ಐದಕ್ಕೆ ಹೊರಡುವ ಮೊದಲು ಮಗನನ್ನು ಎಬ್ಬಿಸಿ ಕೊಡುತ್ತಿದ್ದಳು. ಆ ಗುರುವಾರ ಮಾತ್ರ, ಬಂಗಲೆಗೆ ನೆಂಟರು ಬಂದಿದ್ದರಿಂದ ಹಿಂದಿನ ರಾತ್ರಿ ಅಲ್ಲೇ ಉಳಿದವಳು ಏಳು ಇಪ್ಪತ್ತೈದಕ್ಕೆ ಏದುಸಿರು ಬಿಡುತ್ತಾ ಬಂದು ಕೊಟ್ಟಿದ್ದಳು. ಅಷ್ಟೇ ನಡೆದದ್ದು.

ಮಲ್ಲಿಕಾರ್ಜುನ ಅವರ ತೀರ್ಪು ಮಧ್ಯಾಹ್ನದೊಳಗೆ ಬಂತು: ಗುಳಿಗೆ ಬಿಟ್ಟರೆ ಕೆಲಸವೂ ಲೈನ್ ಮನೆಯೂ ಉಳಿಯುತ್ತವೆ; ಬಿಡದಿದ್ದರೆ ಸೋಮವಾರದೊಳಗೆ ತಾಯಿ ಮಗ ಇಬ್ಬರೂ ಹೊರಡತಕ್ಕದ್ದು.

"ಬಿಡ್ತೀನಿ ಅನ್ನವ್ವ ಅವ್ರಿಗೆ," ಎಂದ ದೇವೇಂದ್ರ. "ಎಪ್ಪತ್ತು ದಿನ ಆಯ್ತಲ್ಲ. ತಡ್ಕೋತೀನಿ."

ಶುಕ್ರವಾರ ಬೆಳಿಗ್ಗೆ ಅವನು ಖಾಲಿ ಬಾಯಲ್ಲಿ "ಇದೀನಿ" ಎಂದ. ತಮ್ಮಯ್ಯನವರು ಮೆಚ್ಚಿ ತಲೆದೂಗಿದರು. ಆ ಸಂಜೆಗೆ ಆಕಳಿಕೆ ಶುರುವಾಯಿತು. ಶನಿವಾರ ಗಿಡದ ಬುಡದಲ್ಲಿ ನಿಂತು ಹಣ್ಣು ಕೊಯ್ಯುವಾಗ ಕಣ್ಣು ಮೂಗು ಸೋರತೊಡಗಿದವು. ಬಿಸಿಲಿನಲ್ಲೂ ಚಳಿ ಹಿಡಿದಂತೆ ಮೈ ನವಿರೆದ್ದಿತು. ಕಾಲುಗಳು ಒಂದು ಕಡೆ ನಿಲ್ಲಲೊಲ್ಲವು. ನಿಂತರೆ ಕೂರಬೇಕು, ಕೂತರೆ ಏಳಬೇಕು. ಎದ್ದರೆ ಯಾರೋ ಮೂಳೆಯ ಒಳಗೆ ಇರುವೆ ಬಿಟ್ಟ ಹಾಗೆ ತೊಡೆ ತಾನಾಗಿ ಒದ್ದುಕೊಳ್ಳುತ್ತಿತ್ತು. ಸೊಂಟಕ್ಕೆ ಕಟ್ಟಿದ ಬುಟ್ಟಿಯಿಂದ ಹಣ್ಣು ಚೆಲ್ಲುತ್ತಿತ್ತು. ಆರಿಸಲು ಬಗ್ಗಿದರೆ ಹೊಟ್ಟೆ ಹಿಂಡುತ್ತಿತ್ತು. ಅವನು ಸಾಲು ಬಿಟ್ಟು ಸಾಲಿಗೆ ಹೋದ, ಮತ್ತೆ ಮೊದಲ ಸಾಲಿಗೇ ಬಂದ. ಗಂಟೆ ಎಷ್ಟೆಂದು ಸರೋಜಮ್ಮನನ್ನು ಆರು ಸಲ ಕೇಳಿದ.

"ನಿಂಗೇನು ಗಾಳಿ ಬಡಿದಿದ್ಯಾ? ಕಾಲು ಸುಟ್ಟ ಬೆಕ್ಕಿನ ಹಂಗೆ ಆಡ್ತೀಯಲ್ಲೋ," ಎಂದಳು ಅವಳು. ಆದರೆ ಈ ಸಲ ನಗಲಿಲ್ಲ. ತನ್ನ ಬುಟ್ಟಿಯಿಂದ ಎರಡು ಬೊಗಸೆ ಹಣ್ಣನ್ನು ಅವನ ಬುಟ್ಟಿಗೆ ಸುರಿದಳು.

ಸಂಜೆ ಕಲ್ಲೇಶನ ಜೀಪು ಗೇಟಿನ ಬಳಿ ನಿಂತಿತ್ತು.

"ಏನ್ ಮಾರಾಯ, ಮುಖ ನೋಡಿದ್ರೆ ಜ್ವರ ಬಂದ ಕೋಳಿ," ಎಂದ ಕಲ್ಲೇಶ್. ಅಂಗೈ ತೆರೆದ. ನೀಲಿ ಕ್ಯಾಪ್ಸೂಲ್ ಒಂದು. "ತಗೋ, ಹಳೇ ಸ್ನೇಹಕ್ಕೆ. ಒಂದು ಗುಟುಕು ನೀರಲ್ಲಿ ಇಳಿಸ್ಬಿಡು. ನಾಳಿದ್ದು ಹಾಜರಿಗೆ ನಿನ್ನ ಬಾಯಿ ಹುಡುಕಿದ್ರೂ ಏನೂ ಸಿಗಲ್ಲ ತಮ್ಮಯ್ಯಂಗೆ."

ಆ ಮಾತು ಸುಳ್ಳಾಗಿರಲಿಲ್ಲ. ಅದೇ ಅದರ ಘೋರತೆ. ಊರು, ಆಣೆ, ಹಾಜರಿ ಪುಸ್ತಕ, ಮೂರೂ ಸೇರಿ ಅವನ ಔಷಧವನ್ನು ಹಿಡಿದು ಉಗಿಸಿದ್ದವು. ವಿಷಕ್ಕೆ ಮಾತ್ರ ದಾರಿ ತೆರೆದೇ ಇತ್ತು. ದೇವೇಂದ್ರ ಕೈಚಾಚಿ ಕ್ಯಾಪ್ಸೂಲನ್ನು ತೆಗೆದುಕೊಂಡ.

ಮನೆಗೆ ಬಂದ. ಒಳಗೆ ಹೋದ, ಹೊರಗೆ ಬಂದ. ಚೊಂಬಿನಲ್ಲಿ ನೀರು ತುಂಬಿದ, ಚೆಲ್ಲಿದ, ಮತ್ತೆ ತುಂಬಿದ. ತಾಯಿ ಬಂಗಲೆಯಿಂದ ಬಂದಾಗ ಅವನು ಹೊಸ್ತಿಲ ಮೇಲೆ ಕುಳಿತಿದ್ದ. ಎರಡೂ ಮೊಣಕಾಲುಗಳು ಕುಣಿಯುತ್ತಿದ್ದವು. ಮುಷ್ಟಿ ಬಿಚ್ಚಿ ತೋರಿಸಿದ. ಬೆವರಿಗೆ ಕ್ಯಾಪ್ಸೂಲಿನ ನೀಲಿ ಬಣ್ಣ ಅಂಗೈಗೆ ಹತ್ತಿತ್ತು.

"ನಾಳೆ ಬಂಗ್ಲೆಗೆ ನಾನೂ ಬರ್ತೀನಿ ಅವ್ವ," ಎಂದ. "ಅಲ್ಲೀವರ್ಗೂ ಇದನ್ನ ನೀನಿಟ್ಕೊ. ನನ್ ಕೈಲಿ ಕೊಡ್ಬೇಡ. ಕಾಲಿಗೆ ಬಿದ್ರೂ ಕೊಡ್ಬೇಡ."

ಭಾನುವಾರ ಬೆಳಿಗ್ಗೆ ಬಂಗಲೆಯ ಜಗಲಿಯಲ್ಲಿ ಮಲ್ಲಿಕಾರ್ಜುನ ಅವರು ಕುಳಿತಿದ್ದರು. ಪಕ್ಕದಲ್ಲಿ ಪುಸ್ತಕದೊಂದಿಗೆ ತಮ್ಮಯ್ಯ. ದೇವೇಂದ್ರ ಮೆಟ್ಟಿಲ ಕೆಳಗೆ ನಿಂತ. ನಿಲ್ಲುವುದೆಂದರೆ, ಕಂಬ ಹಿಡಿದುಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಇದ್ದ. ರಾಮಮ್ಮ ಡಾಕ್ಟರರ ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಜಗಲಿಯ ಕಟ್ಟೆಯ ಮೇಲಿಟ್ಟಳು. ಟವೆಲ್ಲಿನ ಕಥೆಯನ್ನು ತಾನು ಕೇಳಿದಂತೆಯೇ ಹೇಳಿದಳು.

ಯಜಮಾನರು ಚೀಟಿಯನ್ನು ತಿರುವಿ ನೋಡಿದರು. "ಅಂದ್ರೆ ಒಂದು ಬಿಟ್ಟು ಇನ್ನೊಂದು ಹಿಡಿದ ಹಾಗಾಯ್ತು. ನಾನೇನು ನಿಮ್ಗೆ ಕೇಡು ಬಯಸ್ತೀನಾ ರಾಮಮ್ಮ? ನಲವತ್ತು ಜನರ ಮುಂದೆ ಆಣೆ ಆಗಿದೆ. ಇವನಿಗೊಬ್ಬನಿಗೆ ಬಿಟ್ರೆ ನಾಳೆ ಆ ಚೌಡಿಗೆ ಏನು ಮರ್ಯಾದೆ?"

ಆಗ ತಮ್ಮಯ್ಯನವರು ಕೆಮ್ಮಿದರು. ಶನಿವಾರ ಅವನು ಸಾಲಿನಿಂದ ಸಾಲಿಗೆ ತೂರಾಡಿದ್ದನ್ನು ಅವರು ಕಂಡಿದ್ದರು. ಕಂಡದ್ದು ಅವರಿಗೆ ಹಿತವಾಗಿರಲಿಲ್ಲ. ಪುಸ್ತಕದ ಹಿಂದಿನ ಹಾಳೆ ತೆರೆದರು.

"ಸಾವ್ಕಾರ್ರೇ, ಆಣೆ ಮಾತು ನಾನು ಅಕ್ಷರ ಬಿಡದೆ ಬರ್ಕೊಂಡಿದೀನಿ. ನಾಲಿಗೆ *ಮೇಲೆ* ಗುಳಿಗೆ ಇಡಲ್ಲ ಅಂತ ಇದೆ. ಇದು ಇಡೋದು ನಾಲಿಗೆ ಅಡೀಲಿ."

ಮಲ್ಲಿಕಾರ್ಜುನ ಅವರ ಮುಖ ಅರಳಿತು. "ಭಲೇ ತಮ್ಮಯ್ಯ! ಅಡೀಲಿ. ಹೌದಲ್ವಾ! ಹಾಗಾದ್ರೆ ಆಣೆ ಮುರಿದೇ ಇಲ್ಲ. ಆಯ್ತು ಕಣೋ, ಮನೇಲಿ ಗುಟ್ಟಾಗಿ ಇಟ್ಕೊ, ಯಾರಿಗೂ ತೋರಿಸ್ಬೇಡ. ನನ್ನ ಮಾತೂ ಉಳೀತು, ನಿನ್ನ ಕೆಲಸಾನೂ ಉಳೀತು."

ರಾಮಮ್ಮ ಕೈ ಮುಗಿದುಬಿಟ್ಟಳು. ಅಲ್ಲಿಗೆ ಎಲ್ಲವೂ ಮುಗಿಯಬಹುದಿತ್ತು. ಒಂದು ಜೀವ ಉಳಿಯಲು ಅದರ ಅಗತ್ಯ ಸಾಲದೆ, ಒಂದು ಪದದ ಸಂದಿ ಬೇಕಾಯಿತೆಂಬ ನಾಚಿಕೆ ಅಲ್ಲಿದ್ದ ಯಾವ ದೊಡ್ಡವರನ್ನೂ ತಟ್ಟಲಿಲ್ಲ. ತಟ್ಟಿದ್ದು ದೇವೇಂದ್ರನನ್ನು.

"ಇಲ್ಲ ಸಾವ್ಕಾರ್ರೇ," ಎಂದ. ಹಲ್ಲು ಕಟಕಟಿಸುತ್ತಿತ್ತು. "ಆಣೆ ಮುರಿದಿದೆ. ಇಟ್ಟ ಒಂಬತ್ತನೇ ದಿನವೇ ಮುರ್ದೆ."

"ಏನಂದೆ?"

"ನೀಲಿದು. ನಾಲಿಗೆ ಮೇಲೇ ಇಟ್ಟು ನುಂಗಿದ್ದು. ಜೂನಿಂದ ಅಕ್ಟೋಬರ್ ತನಕ ದಿನಾ. ಎಲ್ರಿಗಿಂತ ಜೋರಾಗಿ ಇದೀನಿ ಅಂದಿದೀನಿ, ತಮ್ಮಯ್ಯೋರು ಬರ್ಕೊಂಡಿದಾರೆ. ಇದು ಸಿಕ್ಕಿದ ಮೇಲೇ ಬಿಟ್ಟಿದ್ದು. ಆಣೆಯಿಂದಲ್ಲ."

"ಸುಮ್ನಿರೋ!" ಎಂದಳು ರಾಮಮ್ಮ ಮೆಲ್ಲಗೆ. ಅವನು ಸುಮ್ಮನಿರಲಿಲ್ಲ. ತಾಯಿಯ ಸೆರಗಿನ ಗಂಟನ್ನು ತೋರಿಸಿದ. ಅವಳು ಅರೆಮನಸ್ಸಿನಿಂದ ಬಿಚ್ಚಿದಳು. ಬಣ್ಣ ಮಾಸಿದ ಕ್ಯಾಪ್ಸೂಲ್ ಕಟ್ಟೆಯ ಮೇಲೆ, ಬಿಳಿಯ ಮಾತ್ರೆಯ ಪಟ್ಟಿಯ ಪಕ್ಕ ಬಂತು.

"ಇದನ್ನ ನುಂಗಿ ಬಂದಿದ್ರೆ ನಿಮ್ಮೆದುರು ಹಿಂಗೆ ಕುಣೀತಿರ್ಲಿಲ್ಲ. ನೆಟ್ಟಗೆ ನಿಂತಿರ್ತಿದ್ದೆ. ನೀವು ಶಭಾಷ್ ಅಂತಿದ್ರಿ. ಗುಟ್ಟಾಗಿ ತಗೋ ಅಂತೀರಿ. ಅದನ್ನೂ ಗುಟ್ಟಾಗೇ ತಗೋತಿದ್ದೆ ಸಾವ್ಕಾರ್ರೇ. ಗುಟ್ಟಲ್ಲೇ ನಾನು ಹಾಳಾಗಿದ್ದು. ಆಣೆ ಎಲ್ಲರ ಮುಂದೆ ಮಾಡ್ಸಿದ್ರಿ, ಎಲ್ಲರ ಮುಂದೆ ಉಗಿಸಿದ್ರಿ. ನಾಳೆ ಕಣದಲ್ಲಿ, ಎಲ್ಲರ ಮುಂದೇನೇ ಇದನ್ನ ಇಡ್ತೀನಿ. ಬೇಡ ಅಂದ್ರೆ ಇವತ್ತೇ ಹೇಳಿ, ಪಾತ್ರೆ ಕಟ್ತೀವಿ."

ಮಲ್ಲಿಕಾರ್ಜುನ ಅವರು ಬಹಳ ಹೊತ್ತು ಎರಡೂ ಗುಳಿಗೆಗಳನ್ನು ನೋಡಿದರು. ಅವರಿಗೆ ಸಿಟ್ಟು ಬಂದಿತ್ತು. ಯಾರ ಮೇಲೆಂದು ಅವರಿಗೇ ಸ್ಪಷ್ಟವಿರಲಿಲ್ಲ. ಕೊನೆಗೆ ಎದ್ದುನಿಂತರು.

"ಹಾಜರಿ ನಿಯಮ ಯಾರಿಗೂ ಬದಲಾಗಲ್ಲ. ತಮ್ಮಯ್ಯ ಕರೆದಾಗ ಬಾಯಲ್ಲಿ ಉತ್ತರ ಬಂದ್ರೆ ಕೆಲಸ, ಮನೆ. ಬರ್ಲಿಲ್ಲಾಂದ್ರೆ ಇಲ್ಲ. ಅಷ್ಟೇ." ಕ್ಯಾಪ್ಸೂಲನ್ನು ಬೆರಳ ತುದಿಯಿಂದ ಎತ್ತಿಕೊಂಡು ಒಳಗೆ ಹೋದರು. ಅದು ಯಾರ ಕೈಯಿಂದ ಬಂತೆಂದು ವಿಚಾರಿಸಿರಬೇಕು; ಕಲ್ಲೇಶನ ಜೀಪು ಅಂದಿನಿಂದ ಗೇಟಿನ ಬಳಿ ನಿಲ್ಲಲಿಲ್ಲ.

ರಾಮಮ್ಮ ಫೋನಿನಲ್ಲಿ ಡಾಕ್ಟರರನ್ನು ಕೇಳಿದಳು. ನಡುವೆ ನೀಲಿಯದನ್ನು ನುಂಗಿಲ್ಲವೆಂದು ಎರಡು ಸಲ ಖಚಿತಪಡಿಸಿಕೊಂಡ ಮೇಲೆ, ಮಾತ್ರೆ ಮತ್ತೆ ಶುರುಮಾಡಿ, ಆದಷ್ಟು ಬೇಗ ಬಂದು ತೋರಿಸಿ ಎಂದರು.

"ಈಗ್ಲೇ ಇಟ್ಕೊಳ್ಳೋ," ಎಂದಳು ರಾಮಮ್ಮ.

"ನಾಳೆ. ಕಣದಲ್ಲಿ."

"ಹಠ ಯಾಕೋ ನಿಂಗೆ?"

"ಈಗ ಇಟ್ಕೊಂಡ್ರೆ ನಾಳೆ ಕಣದಲ್ಲಿ ಇಡೋ ಧೈರ್ಯ ಇರಲ್ಲ ಅವ್ವ," ಎಂದ ಅವನು, ಗೋಡೆಯಿಂದ ಗೋಡೆಗೆ ನಡೆಯುತ್ತಾ.

ಸೋಮವಾರ ಏಳು ಇಪ್ಪತ್ತೆಂಟಕ್ಕೆ, ಕಣದ ನಲ್ಲಿಯಲ್ಲಿ ಅವನು ಬಾಯಿ ಮುಕ್ಕಳಿಸಿದ. ರಾಮಮ್ಮ ಎಲ್ಲರೂ ಕಾಣುವಂತೆ ಪಟ್ಟಿಯಿಂದ ಮಾತ್ರೆ ಬಿಡಿಸಿ ಅವನ ಅಂಗೈಗೆ ಹಾಕಿದಳು. ಅವನು ಎಲ್ಲರೂ ಕಾಣುವಂತೆ ನಾಲಿಗೆ ಎತ್ತಿ, ಅಡಿಯಲ್ಲಿಟ್ಟು, ಬಾಯಿ ಮುಚ್ಚಿದ. ಸಾಲಿನಲ್ಲಿ ಗುಸುಗುಸು ಹರಿಯಿತು. ಕಣದ ಆಚೆ ತಮ್ಮ ಜೀಪಿನ ಪಕ್ಕದಲ್ಲಿ ಯಜಮಾನರು ನಿಂತಿದ್ದರು.

ತಮ್ಮಯ್ಯನವರು ಪುಸ್ತಕ ತೆರೆದರು. ಹೆಸರುಗಳು ಹೊರಟವು. ಇದೀನಿ. ಇದೀನಿ. ಇದೀನಿ. ದೇವೇಂದ್ರನ ಹೆಸರು ಹನ್ನೊಂದನೆಯದು. ಮೂರು ದಿನಗಳ ನಡುಕ ಇನ್ನೂ ತೊಡೆಯಲ್ಲಿತ್ತು. ಹೆಬ್ಬೆರಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ನಾಲಿಗೆಯ ಅಡಿಯಲ್ಲಿ ಕಹಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಇಷ್ಟು ನಿಧಾನವೇ?

"ದೇವೇಂದ್ರ."

ಕೈ ಎತ್ತಿದ.

"ದೇವೇಂದ್ರ!"

ಬಾರದವರನ್ನು ಗುರುತಿಸುವ ತಮ್ಮಯ್ಯನವರ ಕೆಂಪು ಪೆನ್ನು ಹನ್ನೊಂದನೆಯ ಹೆಸರಿನ ಮುಂದಿನ ಚೌಕದ ಮೇಲೆ ಇಳಿಯಿತು, ತಾಗಲಿಲ್ಲ. ಮೂವತ್ತು ವರ್ಷ ಅವರು ಆ ಪುಸ್ತಕದಲ್ಲಿ ಒಂದು ಚೌಕವನ್ನೂ ಖಾಲಿ ಬಿಟ್ಟವರಲ್ಲ.

"ಪವಿತ್ರಾ," ಎಂದು ಮುಂದಿನ ಹೆಸರು ಕೂಗಿದರು.

"ಇದೀನಿ," ಎಂದಳು ಹುಡುಗಿ, ಗಾಬರಿಯಿಂದ.

ನಲವತ್ತಮೂರನೆಯ ಹೆಸರೂ ಮುಗಿಯಿತು. ಪುಸ್ತಕ ಮುಚ್ಚಲಿಲ್ಲ. ಆಳುಗಳು ಕದಲಲಿಲ್ಲ. ಕಣದ ಮೇಲೆ ಬಿಸಿಲು ಒಂದು ಅಡಿ ಮುಂದೆ ಸರಿಯಿತು. ಯಜಮಾನರು ಗಡಿಯಾರ ನೋಡಿಕೊಂಡರು.

"ತಮ್ಮಯ್ಯ, ಹೊತ್ತಾಯ್ತು."

"ಒಂದು ಹೆಸರು ಉಳಿದಿದೆ ಸಾವ್ಕಾರ್ರೇ."

"ಕರೆದಾಯ್ತಲ್ಲ?"

"ಮಂಜಲ್ಲಿ ಸರಿಯಾಗಿ ಕೇಳಿಸ್ಲಿಲ್ಲ," ಎಂದರು ತಮ್ಮಯ್ಯ, ಪುಸ್ತಕದಿಂದ ತಲೆಯೆತ್ತದೆ. ಅಂದು ಮಂಜಿರಲಿಲ್ಲ. ಕುದುರೆಮುಖದ ದಿಕ್ಕಿನ ಬೆಟ್ಟಗಳು ತುದಿಯವರೆಗೂ ಕಾಣುತ್ತಿದ್ದವು.

"ಹೌದೌದು, ಭಾರಿ ಮಂಜು," ಎಂದಳು ಸರೋಜಮ್ಮ. ಯಾರೂ ನಗಲಿಲ್ಲ. ಯಜಮಾನರು ಜೀಪಿನ ಬಾಗಿಲ ಮೇಲೆ ಕೈಯಿಟ್ಟರು, ತೆಗೆದರು, ಮತ್ತೆ ಇಟ್ಟರು, ಹತ್ತಲಿಲ್ಲ, ಹೊರಡಲಿಲ್ಲ.

ಏಳು ನಲವತ್ತಕ್ಕೆ ಕೊನೆಯ ಕಹಿ ಕರಗಿತು.

"ದೇವೇಂದ್ರ."

"ಇದೀನಿ."

ದನಿ ಒಡೆದಿತ್ತು, ಜೋರಾಗಿರಲಿಲ್ಲ. ಕಣದ ಆಚೆಯವರೆಗೆ ಮುಟ್ಟಿತೋ ಇಲ್ಲವೋ. ಅವನೇ ಮತ್ತೊಮ್ಮೆ ಹೇಳಿದ. ತಮ್ಮಯ್ಯನವರು ಕೆಂಪು ಪೆನ್ನು ಜೇಬಿಗಿಟ್ಟು, ನೀಲಿ ಪೆನ್ನು ತೆಗೆದು ಬರೆದರು.

ದೇವೇಂದ್ರ ಬುಟ್ಟಿ ಎತ್ತಿಕೊಂಡ. ತೊಡೆಯ ನಡುಕ ಇನ್ನೂ ನಿಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿಲ್ಲಬಹುದು. ಮಂಗಳವಾರ ಮತ್ತೆ ಹಾಜರಿ, ಬುಧವಾರ ಮತ್ತೆ. ಪ್ರತಿದಿನವೂ ಇದೇ ಕಣ, ಇದೇ ಹತ್ತು ನಿಮಿಷ. ಅವನು ಎಲ್ಲರಿಗಿಂತ ಮೊದಲು ಗಿಡಗಳ ನಡುವೆ ನಡೆದ. ನಿಂತುಕೊಂಡಿರಲು ಅವನಿಂದ ಇನ್ನೂ ಆಗುತ್ತಿರಲಿಲ್ಲ.